ಬಾರದ ಪೀಕು

ನನ್ನ ಎಂಎಸ್ಸಿ ಪ್ರಾಜೆಕ್ಟಿನಿಂದ ಇವತ್ತಿಗೆ ಉಳಿದಿರುವುದು ಎರಡೇ. ಅಸಿಟೋನ್ ಬಿದ್ದು ಶಾಯಿ ಕದಡಿದ ಒಂದು ನೋಟ್‌ಬುಕ್ಕು, ಹೆಬ್ಬೆರಳುದ್ದದ ಒಂದು ಗಾಜಿನ ಕುಪ್ಪಿ. ಕುಪ್ಪಿಯ ತಳದಲ್ಲಿ ಚಿಟಿಕೆಯಷ್ಟು ಕಡುಗೆಂಪು ಪುಡಿ. ಮನೆ ಬದಲಾಯಿಸುವಾಗ ಅಮ್ಮ ಅದನ್ನು ಕುಂಕುಮ ಅಂದುಕೊಂಡು ದೇವರ ಗೂಡಿನಲ್ಲಿ ಇಟ್ಟುಬಿಟ್ಟಿದ್ದಳು. ನೋಡಿದವಳೇ ಕಿರುಚಿದೆ. "ಅಷ್ಟೊಂದು ಬೆಲೆಬಾಳೋದೇನೇ ಅದು?" ಅಂದಳು. ಬೆಲೆ ಏನೂ ಇಲ್ಲ. ಅದು ಕೆಟ್ಟುಹೋದ ಪ್ರಯೋಗದ ಪುಡಿ.

ಕೆಟ್ಟಿದೆ ಅಂತ ಗೊತ್ತಾಗಿದ್ದು ಒಂದು ಗ್ರಾಫಿನಿಂದ. ಪುಡಿಯ ಮೇಲೆ ಎಕ್ಸ್-ಕಿರಣ ಬಿಟ್ಟು, ಅದು ಯಾವ ಕೋನದಲ್ಲಿ ಎಷ್ಟು ಚದುರುತ್ತದೆ ಎಂದು ಅಳೆಯುವ ಯಂತ್ರವಿದೆ, ಎಕ್ಸ್‌ಆರ್‌ಡಿ. ಒಳಗೆ ಅಣುಗಳು ಶಿಸ್ತಾಗಿ ಸಾಲುಗಟ್ಟಿದ್ದರೆ ಗ್ರಾಫಿನಲ್ಲಿ ಮುಳ್ಳಿನಂಥ ಪೀಕು ಏಳುತ್ತದೆ. ಅಡ್ಡಾದಿಡ್ಡಿ ಬಿದ್ದಿದ್ದರೆ ಬೋಳು ಗುಡ್ಡ. ನನಗೆ 4.7 ಡಿಗ್ರಿಯಲ್ಲಿ ಒಂದು ಮುಳ್ಳು ಬೇಕಿತ್ತು. ಕೋನದಿಂದ ಅಂತರ ಲೆಕ್ಕಹಾಕುವ ಬ್ರ್ಯಾಗ್ ಸೂತ್ರಕ್ಕೆ ಆ ಕೋನ ಹಾಕಿದರೆ ಸುಮಾರು 1.9 ನ್ಯಾನೊಮೀಟರ್ ಅಂತರ ಬರುತ್ತದೆ. ಅಂದರೆ ಪುಡಿಯೊಳಗೆ ಅಷ್ಟಷ್ಟು ದೂರಕ್ಕೆ ಒಂದೇ ವಿನ್ಯಾಸ ಮರುಕಳಿಸುತ್ತಿದೆ ಎಂಬುದಕ್ಕೆ ಸಾಕ್ಷಿ. ನಮ್ಮ ವಿಭಾಗದಲ್ಲಿ ಆ ಯಂತ್ರ ಇರಲಿಲ್ಲ. ಸ್ಯಾಂಪಲ್ಲನ್ನು ಬೇರೆ ಊರಿಗೆ ಕೊರಿಯರ್ ಮಾಡಿ ಕಾಯಬೇಕಿತ್ತು. ಕಾದಿದ್ದಕ್ಕೆ ಗುಡ್ಡ ಬಂತು. ಸರ್ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ, "ಅಮಾರ್ಫಸ್ ಕಣಮ್ಮ" ಅಂದರು, ಹರಳಾಗಿಲ್ಲ ಎಂದು. ಮುಂದಿನ ಮೂರು ಸಲವೂ ಅದೇ ಮಾತು.

ನಾನು ಮಾಡಲು ಹೊರಟಿದ್ದ ವಸ್ತುವಿನ ಜಾತಿಯ ಹೆಸರು ಕೋವೇಲೆಂಟ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್. ಲ್ಯಾಬಿನಲ್ಲಿ ಎಲ್ಲರೂ ಅನ್ನುವುದು "ಕಾಫ್". (ಫೋನಿನಲ್ಲಿ ಕೇಳಿಸಿಕೊಂಡ ಅಮ್ಮ ಬಹಳ ದಿನ ನಾನು ಕೆಮ್ಮಿಗೆ ಔಷಧಿ ಕಂಡುಹಿಡಿಯುತ್ತಿದ್ದೇನೆ ಅಂದುಕೊಂಡಿದ್ದಳು.) ಇಂಗಾಲ, ಸಾರಜನಕ, ಆಮ್ಲಜನಕ, ಹೈಡ್ರೋಜನ್‌, ಕೆಲವೊಮ್ಮೆ ಬೋರಾನ್, ಇಂಥ ಹಗುರ ಪರಮಾಣುಗಳನ್ನೇ ಹೆಣೆದು ಮಾಡಿದ ಬಲೆ. ಪ್ಲಾಸ್ಟಿಕ್ಕೂ ಇವುಗಳದ್ದೇ ಹೆಣಿಗೆ. ಆದರೆ ಪ್ಲಾಸ್ಟಿಕ್ಕಿನಲ್ಲಿ ಸರಪಳಿಗಳು ತಟ್ಟೆಗೆ ಒತ್ತಿದ ಶಾವಿಗೆಯ ಹಾಗೆ ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಕಾಫಿನದು ಚುಕ್ಕಿ ರಂಗೋಲಿ. ಚುಕ್ಕಿಯ ಜಾಗದಲ್ಲಿ ಮೂರು ಕೈಯಿರುವ ಒಂದು ಅಣು, ಎಳೆಯ ಜಾಗದಲ್ಲಿ ಎರಡು ಕೈಯಿರುವ ಇನ್ನೊಂದು. ಸೇರಿಸುತ್ತಾ ಹೋದರೆ ಆರು ಮೂಲೆಯ ಮನೆಗಳು, ಜೇನುಹುಟ್ಟಿನ ಹಾಗೆ. ಇಂಥ ಹಾಳೆಗಳು ಒಂದರ ಮೇಲೊಂದು ಕೂತಾಗ ತೂತಿನ ಮೇಲೆ ತೂತು ಬಂದು ಉದ್ದುದ್ದ ಕೊಳವೆಗಳಾಗುತ್ತವೆ. ಒಂದೊಂದು ಕೊಳವೆಯ ಅಗಲ ಒಂದೆರಡು ನ್ಯಾನೊಮೀಟರ್. ತಲೆಗೂದಲಿನ ದಪ್ಪದಲ್ಲಿ ಇಂಥವನ್ನು ಹತ್ತಾರು ಸಾವಿರ ಸಾಲಾಗಿ ಜೋಡಿಸಬಹುದು.

ಬಾಯಲ್ಲಿ ಹೇಳಿದಷ್ಟು ಸುಲಭವಾಗಿದ್ದರೆ ಇದು ನೂರು ವರ್ಷದ ಹಿಂದೆಯೇ ಆಗಿರುತ್ತಿತ್ತು. 1993ರಲ್ಲಿ ರೋಲ್ಡ್ ಹಾಫ್‌ಮನ್ ಎಂಬ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞರು ಒಂದು ಲೇಖನದಲ್ಲಿ ಕೊರಗಿಕೊಂಡಿದ್ದರು: ಸಾವಯವ ರಸಾಯನಶಾಸ್ತ್ರಜ್ಞರು ಬಿಡಿ ಅಣುಗಳನ್ನು ಕಟ್ಟುವುದರಲ್ಲಿ ನಿಪುಣರು, ಪಾಲಿಮರ್‌ನವರು ಒಂದು ಆಯಾಮದ ಸರಪಳಿ ಕಟ್ಟಬಲ್ಲರು, ಎರಡು ಮೂರು ಆಯಾಮಕ್ಕೆ ಬಂದರೆ ಮಾತ್ರ ಎಲ್ಲ ಬರಡು ನೆಲ, ಎಂದು.

ಬರಡಾಗಿದ್ದಕ್ಕೆ ಕಾರಣ ಬಂಧದ ಗಟ್ಟಿತನ. ಉಪ್ಪು ಹರಳಾಗುವುದನ್ನು ನೋಡಿ. ನೀರು ಆರುವಾಗ ಒಂದು ಅಯಾನು ತಪ್ಪು ಜಾಗದಲ್ಲಿ ಕೂತರೆ ಎದ್ದು ಹೋಗಿ ಸರಿಯಾದ ಕಡೆ ಕೂರುತ್ತದೆ. ಕೋವೇಲೆಂಟ್ ಬಂಧ, ನಮ್ಮ ಕನ್ನಡ ಮಾಧ್ಯಮದ ಪುಸ್ತಕದಲ್ಲಿ 'ಸಹವೇಲೆನ್ಸಿ ಬಂಧ', ಹಾಗಲ್ಲ. ಒಮ್ಮೆ ಕೂತರೆ ಕೂತಹಾಗೇ. ಸಾವಿರ ಅಣುಗಳಲ್ಲಿ ಹತ್ತು ಸೊಟ್ಟಗೆ ಕೂತರೂ ಮುಂದಿನ ರಂಗೋಲಿಯೆಲ್ಲ ಸೊಟ್ಟ. ಕೊನೆಗೆ ಸಿಗುವುದು ನನ್ನ ಕುಪ್ಪಿಯಲ್ಲಿರುವಂಥ ಪುಡಿ.

ದಾರಿ ಕಂಡಿದ್ದು 2005ರಲ್ಲಿ. ಏಡ್ರಿಯನ್ ಕೋಟೆ, ಒಮರ್ ಯಾಘಿ ಮತ್ತು ಜೊತೆಗಾರರು ಸೈನ್ಸ್ ಪತ್ರಿಕೆಯಲ್ಲಿ ಕಾಫ್-1, ಕಾಫ್-5 ಎಂಬ ಎರಡು ಹರಳುಗಳನ್ನು ವರದಿ ಮಾಡಿದರು. ಅವರು ಆರಿಸಿಕೊಂಡಿದ್ದು ಬೋರಾನ್-ಆಮ್ಲಜನಕದ ಬಂಧ. ಅದು ಕೂಡಿಕೊಳ್ಳುವಾಗ ನೀರಿನ ಅಣು ಹೊರಬೀಳುತ್ತದೆ. ಆ ನೀರು ಅಲ್ಲೇ ಸುಳಿದಾಡುತ್ತಿದ್ದರೆ ಕೂಡಿದ ಬಂಧವನ್ನು ಮತ್ತೆ ಬಿಡಿಸಲೂಬಲ್ಲದು. ಮುಚ್ಚಿದ ಗಾಜಿನ ನಳಿಗೆಯಲ್ಲಿ ಮೂರು ದಿನ ಬಿಸಿಯಲ್ಲಿ ಇಟ್ಟರೆ ಬಂಧಗಳು ಕೂಡುತ್ತಾ, ಬಿಡುತ್ತಾ, ಮತ್ತೆ ಕೂಡುತ್ತಾ ತಪ್ಪಾಗಿ ಕೂತವೆಲ್ಲ ಸರಿಯಾಗುತ್ತವೆ. ಗಟ್ಟಿ ಬಂಧಕ್ಕೂ ತನ್ನನ್ನು ತಿದ್ದಿಕೊಳ್ಳಲು ಕಾಲಾವಕಾಶ ಕೊಟ್ಟರು, ಅಷ್ಟೇ. ಇಡೀ ಕಾಫ್ ವಿದ್ಯೆಯಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಸಂಗತಿ ಇದೇ.

ಯಾಘಿಯವರ ಹೆಸರು ಈಗ ಎಲ್ಲರಿಗೂ ಗೊತ್ತು. 2025ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ಸುಸುಮು ಕಿಟಗಾವಾ ಮತ್ತು ರಿಚರ್ಡ್ ರಾಬ್ಸನ್ ಅವರಿಗೂ ಬಂತು. ಬಂದಿದ್ದು ಕಾಫ್‌ಗಲ್ಲ, ಅದರ ಅಕ್ಕನಿಗೆ: ಲೋಹದ ಗಂಟುಗಳಿರುವ ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್‌ಗೆ, ಅಂದರೆ 'ಮಾಫ್'ಗೆ. ಯಾಘಿ ಹುಟ್ಟಿದ್ದು ಜೋರ್ಡಾನಿನ ಅಮ್ಮಾನಿನಲ್ಲಿ, ಪ್ಯಾಲೆಸ್ತೀನಿ ನಿರಾಶ್ರಿತರ ಮನೆಯಲ್ಲಿ. ಒಂದೇ ಕೋಣೆ, ದನಗಳೂ ಅಲ್ಲೇ, ಕರೆಂಟಿಲ್ಲ, ನಲ್ಲಿಯಿಲ್ಲ. ನೀರು ಬಿಡುವ ದಿನ ಬೆಳಗಿನ ಜಾವ ಎದ್ದು ಸಿಕ್ಕ ಪಾತ್ರೆಯಲ್ಲೆಲ್ಲ ತುಂಬಿಟ್ಟುಕೊಳ್ಳುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಹುಡುಗ ಮುಂದೆ ಒಣಗಾಳಿಯಿಂದ ನೀರು ಹೀರುವ ಪುಡಿಗಳನ್ನು ಮಾಡಿದ. ಕಾಫ್-432 ಎಂಬುದು ಅವರ ಗುಂಪು 2020ರಲ್ಲಿ ಪ್ರಕಟಿಸಿದ ಅಂಥದೊಂದು ಪುಡಿ. ವಾಟರ್ ಟ್ಯಾಂಕರಿಗೆ ಕಾದು ಗೊತ್ತಿರುವ ಯಾರಿಗೂ ಈ ಕತೆಗೆ ಟಿಪ್ಪಣಿ ಬೇಕಿಲ್ಲ.

ಕಾಫ್-5ಕ್ಕೆ ಹಿಂದಿರುಗುತ್ತೇನೆ. ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 1,590 ಚದರ ಮೀಟರ್. ಪುಸ್ತಕಗಳು ಇಂಥಲ್ಲಿ ಫುಟ್‌ಬಾಲ್ ಮೈದಾನವನ್ನು ಎಳೆದು ತರುತ್ತವೆ. ನಮ್ಮ ಕಡೆಯ ಅಳತೆ 30-40 ಸೈಟು, 1,200 ಚದರಡಿ, ಸುಮಾರು 111 ಚದರ ಮೀಟರ್. ಹಾಗಾಗಿ ಒಂದು ಗ್ರಾಂ ಕಾಫ್-5 ಅಂದರೆ ಹದಿನಾಲ್ಕು ಸೈಟು. ಎರಡು ವರ್ಷದ ನಂತರ ಅದೇ ಗುಂಪು ಮೂರೂ ಆಯಾಮದಲ್ಲಿ ಹೆಣೆದ ಕಾಫ್-103ರಲ್ಲಿ 4,210 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಮೂವತ್ತೆಂಟು ಸೈಟಿನ ಒಂದು ಪುಟ್ಟ ಬಡಾವಣೆ. ಮಕ್ಕಳಿಗೆ ಹೀಗೆ ಹೇಳಿದರೆ ಹಿಂದಿನ ಬೆಂಚೂ ತಲೆಯೆತ್ತುತ್ತದೆ. "ಗ್ರಾಂಗೆ ಎಷ್ಟು ಮೇಡಂ ರೇಟು?" ಅಂತ ಒಬ್ಬ ಕೇಳಿದ್ದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಸಾವಿರ ಚದರ ಮೀಟರಿನ ಒಳಗೋಡೆ ನೀರಿನ ಫಿಲ್ಟರಿನ ಇದ್ದಿಲಿಗೂ ಇದೆ, ಅದೂ ಎಷ್ಟೋ ಅಗ್ಗಕ್ಕೆ. ಬರೀ ಜಾಗ ಬೇಕಿದ್ದರೆ ಇದ್ದಿಲೇ ಸಾಕು. ಇದ್ದಿಲಿನ ತೂತುಗಳು ಒಂದೊಂದು ಒಂದೊಂದು ಅಳತೆ. ಕಾಫಿನಲ್ಲಿ ಎಲ್ಲವೂ ಒಂದೇ ಅಳತೆ, ಆ ಅಳತೆ ಎಷ್ಟಿರಬೇಕು, ಗೋಡೆಗೆ ಏನು ಅಂಟಿರಬೇಕು ಎಂಬುದು ಮಾಡುವವರ ಕೈಯಲ್ಲಿದೆ. ದುಡ್ಡು ಕೊಡುವುದಿದ್ದರೆ ಅದಕ್ಕೆ ಕೊಡಬೇಕು.

ಕಾಫ್-5ರ ತೊಂದರೆ ಬೇರೆ. ತಿದ್ದಿಕೊಳ್ಳಲು ಬಿಡುವ ಬಂಧ ಬಿಟ್ಟುಹೋಗಲೂ ರೆಡಿ. ಗಾಳಿಯಲ್ಲಿನ ತೇವ ತಾಗಿದರೂ ನೀರಿನ ಅಣು ಬಂದು ಬೋರಾನಿಗೆ ಅಂಟಿಕೊಂಡು ಹೆಣಿಗೆಯನ್ನು ಬಿಚ್ಚಿಹಾಕುತ್ತದೆ. ಐದಾರು ನೂರು ಡಿಗ್ರಿ ಶಾಖ ತಡೆಯುವ ಹರಳು, ಆಷಾಢದ ಗಾಳಿ ತಡೆಯದು. ಮೈಯೊಳಗೆ ಕಳಿಸುವ ಮಾತಂತೂ ದೂರವೇ ಉಳಿಯಿತು. ನಮ್ಮ ಮೈಯಲ್ಲಿ ನೀರಿಲ್ಲದ ಜಾಗ ಎಲ್ಲಿದೆ?

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯವಾದವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿದ್ದ ರಾಹುಲ್ ಬ್ಯಾನರ್ಜಿ ಮತ್ತು ಅವರ ವಿದ್ಯಾರ್ಥಿಗಳು. 2012ರಲ್ಲಿ. ಅವರ ಉಪಾಯ ಎರಡು ಹಂತದ್ದು. ಮೊದಲು ಆಲ್ಡಿಹೈಡ್, ಅಮೀನ್ ಎಂಬ ಎರಡು ಜಾತಿಯ ಅಣುಗಳ ನಡುವೆ ಕೂಡುತ್ತಾ ಬಿಡುತ್ತಾ ಇರುವ ಬಂಧ. ಅಣುಗಳು ಬೇಕಾದಷ್ಟು ಸಲ ಎದ್ದು ಕೂರಲಿ. ಆಮೇಲೆ ಒಳಗಿನ ಒಂದು ಹೈಡ್ರೋಜನ್ ಆಮ್ಲಜನಕವನ್ನು ಬಿಟ್ಟು ಪಕ್ಕದ ಸಾರಜನಕಕ್ಕೆ ಜಾರುತ್ತದೆ. ಜಾರಿತೆಂದರೆ ಮುಗಿಯಿತು, ಚಿಲಕ ಬಿದ್ದಹಾಗೆ. ಹೀಗೆ ಮಾಡಿದ ಟಿಪಿ-ಪಿಎ-1 ಎಂಬ ಕಾಫ್ ಕುದಿಯುವ ನೀರಿಗೂ ಜಗ್ಗಲಿಲ್ಲ, 9 ನಾರ್ಮಲ್‌ನಷ್ಟು ಕಟುವಾದ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಜಗ್ಗಲಿಲ್ಲ. ಅದರ ತಂಗಿ ಟಿಪಿ-ಪಿಎ-2 ಅಷ್ಟೇ ಖಾರದ ಕ್ಷಾರವನ್ನೂ ತಡೆದುಕೊಂಡಿತು.

ನನ್ನ ಕುಪ್ಪಿಯಲ್ಲಿರುವುದು, ಇರಬೇಕಾಗಿದ್ದುದು, ಟಿಪಿ-ಪಿಎ-1. ಪೇಪರ್ ಓದಿದಾಗ ಅಡುಗೆ ಪುಸ್ತಕದಷ್ಟು ಸರಳ ಅನ್ನಿಸಿತ್ತು. ಎರಡು ಪುಡಿ, ಎರಡು ದ್ರಾವಕ, ಚೂರು ಅಸಿಟಿಕ್ ಆಮ್ಲ, 120 ಡಿಗ್ರಿ, ಮೂರು ದಿನ. ಮೊದಲ ಪುಡಿ ಅಂಗಡಿಯಲ್ಲಿ ತಂದರೆ ವಿಪರೀತ ದುಬಾರಿ, ಆದ್ದರಿಂದ ನಾವೇ ಮಾಡಿಕೊಳ್ಳಬೇಕು. ಅದಕ್ಕೇ ವಾರ ಹಿಡಿಯಿತು, ಬಂದಿದ್ದು ನಾಲ್ಕು ಚಿಟಿಕೆ. ನಳಿಗೆಯಿಂದ ಗಾಳಿ ತೆಗೆಯುವುದು ಇನ್ನೊಂದು ಪೂಜೆ: ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸು, ಪಂಪಿನಿಂದ ಗಾಳಿ ಎಳೆ, ಕರಗಲು ಬಿಡು, ಮತ್ತೆ ಅದ್ದು. ಮೂರು ಸಲ. ಆಮೇಲೆ ಜ್ವಾಲೆಯಲ್ಲಿ ನಳಿಗೆಯ ಕತ್ತು ಕರಗಿಸಿ ಮುಚ್ಚಬೇಕು. ನನ್ನ ಕೈ ನಡುಗುತ್ತಿತ್ತು. ಮೊದಲ ನಳಿಗೆ ಒಡೆಯಿತು. ಮಿಕ್ಕವುಗಳ ಕತ್ತಿನಲ್ಲಿ ಕಣ್ಣಿಗೆ ಕಾಣದ ಬಿರುಕಿತ್ತು ಅಂತ ಈಗ ನನ್ನ ಗುಮಾನಿ. ಯಾಕೆಂದರೆ ಎರಡನೆಯ ಪುಡಿ, ಪ್ಯಾರಾ-ಫಿನೈಲಿನ್‌ಡೈಅಮೀನ್, ಗಾಳಿ ತಾಗಿದರೆ ಕಪ್ಪಾಗುತ್ತದೆ. ಕಪ್ಪಾದದ್ದು ರಂಗೋಲಿಗೆ ಬಾರದು.

ಆ ಹೆಸರು ಎಲ್ಲೋ ಕೇಳಿದಹಾಗಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ತಲೆಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಇರುವುದೂ ಅದೇ, ಪಿಪಿಡಿ. ಗಾಳಿ ತಾಗಿ ಕಪ್ಪಾಗುವ ಗುಣಕ್ಕೇ ಅಲ್ಲಿ ಅದಕ್ಕೆ ಕೆಲಸ. ಕೆಲವರಿಗೆ ನೆತ್ತಿಯೆಲ್ಲ ಉರಿದು ಬೊಬ್ಬೆ ಏಳುವುದೂ ಅದರಿಂದಲೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಹೊಟ್ಟೆ ಉರಿಸಿದ್ದು 2013ರಲ್ಲಿ ಅದೇ ಪುಣೆ ಗುಂಪಿನಿಂದ ಬಂದಿದ್ದ ಇನ್ನೊಂದು ಪೇಪರು. ನಾನದನ್ನು ಓದಿದ್ದು ಪ್ರಾಜೆಕ್ಟು ಮುಗಿದ ಮೇಲೆ. ಎರಡೂ ಪುಡಿಗಳನ್ನು ಖಲ್ಲಿನಲ್ಲಿ ಹಾಕಿ ಅರೆದರಂತೆ. ದ್ರಾವಕವಿಲ್ಲ, ನಳಿಗೆಯಿಲ್ಲ, ಬೆಂಕಿಯಿಲ್ಲ. ಹಳದಿಯಾಗಿ, ಕಿತ್ತಳೆಯಾಗಿ, ಮುಕ್ಕಾಲು ಗಂಟೆಯಲ್ಲಿ ಕೆಂಪಾಯಿತು, ಕಾಫ್ ಆಯಿತು. ನಮ್ಮಜ್ಜಿ ಮಕ್ಕಳಿಗೆ ಬಜೆ ತೇಯ್ದಷ್ಟೇ ಕೆಲಸ! ನಿಜ ಹೇಳಬೇಕೆಂದರೆ ಹಾಗೆ ಅರೆದ ಪುಡಿಯಲ್ಲಿ ಒಳಜಾಗ ತೀರಾ ಕಡಿಮೆ ಇತ್ತು, ಶಿಸ್ತೂ ಅಷ್ಟಕ್ಕಷ್ಟೆ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. 2017ರಲ್ಲಿ ಮಣ್ಣು ಕಲಸುವವರಿಂದ ಪಾಠ ಕಲಿತರು. ಅಮೀನನ್ನು ಟಾಲ್ವೀನ್ ಸಲ್ಫೋನಿಕ್ ಆಮ್ಲದ ಜೊತೆ ಅರೆದು, ಆಲ್ಡಿಹೈಡ್ ಸೇರಿಸಿ, ನೀರು ಚಿಮುಕಿಸಿ, ಜೇಡಿಮಣ್ಣಿನ ಹದಕ್ಕೆ ನಾದಿ, ಬೇಕಾದ ಆಕಾರ ಕೊಟ್ಟು ಬಿಸಿಗೆ ಹಿಡಿದರು. ಒಂದು ನಿಮಿಷದಲ್ಲಿ ಹರಳು! ಒಳಜಾಗ ಗ್ರಾಂಗೆ 3,000 ಚದರ ಮೀಟರ್ ದಾಟಿತ್ತು. ಆಮ್ಲವನ್ನು ಆಮೇಲೆ ನೀರಿನಲ್ಲಿ ತೊಳೆದು ತೆಗೆಯಬಹುದು. ಈ ವಿಧಾನಕ್ಕೆ ಅವರಿಟ್ಟ ಹೆಸರೇ ಟೆರಾಕೋಟಾ. ಹೆಂಚಿನ ಕಾರ್ಖಾನೆಯ ಹಾಗೆ ಯಂತ್ರದ ಬಾಯಿಂದ ಹಿಂಡಿ ತೆಗೆಯುವುದನ್ನೂ ತೋರಿಸಿದರು. ಮೂರು ದಿನ ಕಾದರೂ ಬಾರದ ಪೀಕಿನ ಮುಂದೆ ಕೂತಿದ್ದವಳಿಗೆ ಇದನ್ನು ಓದಿ ಸಂತೋಷಪಡುವುದೋ ಅಳುವುದೋ ತಿಳಿಯಲಿಲ್ಲ.

ಇದರಿಂದ ಉಪಯೋಗವೇನು ಅಂದರೆ ಪಟ್ಟಿ ಉದ್ದವಿದೆ, ಬಣ್ಣದ ಕಾರ್ಖಾನೆಯ ನೀರು ಸೋಸುವ ಪೊರೆಯಿಂದ ಹಿಡಿದು ಅಣುಸ್ಥಾವರದ ಅಯೊಡಿನ್ ಹಿಡಿಯುವವರೆಗೆ. ಬೆಂಗಳೂರಿನ ಜಕ್ಕೂರಿನಲ್ಲೂ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ತಪಸ್ ಕುಮಾರ್ ಮಾಜಿಯವರ ಗುಂಪು ಇಂಥ ರಂಧ್ರವಸ್ತುಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ನನ್ನನ್ನು ಹಿಡಿದು ಕೂರಿಸಿದ್ದು 2024ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, ಯಾಘಿಯವರ ಗುಂಪಿನ ಕಾಫ್-999. ಕೊಳವೆಗಳ ಒಳಗೋಡೆಗೆ ಅಮೀನಿನ ಸರಪಳಿ ಬೆಳೆಸಿದ ಹಳದಿ ಪುಡಿ. ಅಮೆರಿಕದ ಬರ್ಕ್ಲಿಯ ಹೊರಗಿನ ಗಾಳಿಯನ್ನೇ ಅದರ ಮೂಲಕ ಹಾಯಿಸಿ ನೂರು ಸಲ ಇಂಗಾಲದ ಡೈಆಕ್ಸೈಡ್ ಹೀರಿಸಿ, ಬಿಡಿಸಿ ನೋಡಿದರು, ಪುಡಿ ಬಳಲಲಿಲ್ಲ. ಬಿಡಿಸಲು 60 ಡಿಗ್ರಿ ಸಾಕು, ಹಂಡೆಯ ನೀರಿನ ಬಿಸಿ. 200 ಗ್ರಾಂ ಪುಡಿ ವರ್ಷಕ್ಕೆ 20 ಕಿಲೋ ಹೀರಬಲ್ಲದು, ಒಂದು ದೊಡ್ಡ ಮರದಷ್ಟು, ಅಂತ ಅವರ ಲೆಕ್ಕ. ಆ ಸಾಲನ್ನು ಹಿಡಿದು ಪತ್ರಿಕೆಗಳು "ಮರಕ್ಕೆ ಬದಲಿ ಪುಡಿ" ಅಂತ ಬರೆದವು. ಪುಡಿಯ ಕೆಳಗೆ ನೆರಳಿಲ್ಲ, ಅದರಲ್ಲಿ ಕಾಗೆ ಗೂಡು ಕಟ್ಟುವುದಿಲ್ಲ. ಹೀರಿದ ಅನಿಲವನ್ನು ಎಲ್ಲಿ ಹೂಳುವುದು ಎಂಬ ಪ್ರಶ್ನೆ ಪುಡಿಗೆ ಸಂಬಂಧಪಟ್ಟಿದ್ದಲ್ಲ, ಆದರೆ ನಮಗೆ ಸಂಬಂಧಪಟ್ಟಿದ್ದು.

ಔಷಧಿಯ ಕಡೆ ನನಗೆ ಆಸಕ್ತಿ ಹುಟ್ಟಿದ್ದು ತಡವಾಗಿ, ಮನೆಯ ಕಾರಣದಿಂದ. ಅಮ್ಮನಿಗೆ ಒಂಬತ್ತು ವರ್ಷದಿಂದ ಇನ್ಸುಲಿನ್. ಫ್ರಿಜ್ಜಿನ ಬಾಗಿಲಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಅದರ ಡಬ್ಬಿ. ಕರೆಂಟು ಹೋದರೆ ನಮ್ಮ ಮನೆಯಲ್ಲಿ ಮೊದಲು ಕೇಳುವ ಮಾತು "ಫ್ರಿಜ್ ತೆಗೀಬೇಡ". ಇನ್ಸುಲಿನ್ ಪ್ರೋಟೀನು, ನುಂಗಿದರೆ ಹೊಟ್ಟೆಯ ಆಮ್ಲಕ್ಕೂ ಕಿಣ್ವಕ್ಕೂ ಅದು ಬೇಳೆಯೂ ಒಂದೇ, ಜೀರ್ಣವಾಗಿ ಹೋಗುತ್ತದೆ. ಹಾಗಾಗಿ 1922ರ ಜನವರಿಯಲ್ಲಿ ಟೊರಾಂಟೋದ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸಲ ಚುಚ್ಚಿದಂದಿನಿಂದ ಇವತ್ತಿನವರೆಗೂ ಹೆಚ್ಚಿನವರನ್ನು ಸೂಜಿ ಬಿಟ್ಟಿಲ್ಲ.

2021ರಲ್ಲಿ ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಿಂದ ಅಲಿ ಟ್ರಾಬೋಲ್ಸಿಯವರ ಗುಂಪು ಒಂದು ವರದಿ ಕೊಟ್ಟಿತು. ಕಾಫಿನ ಸೂಕ್ಷ್ಮ ಕಣಗಳಲ್ಲಿ ಇನ್ಸುಲಿನ್ ತುಂಬಿ ಮಧುಮೇಹದ ಇಲಿಗಳಿಗೆ ಬಾಯಿಯಿಂದ ಕುಡಿಸಿದರು. ಕಣಗಳು ಹೊಟ್ಟೆಯ ಆಮ್ಲವನ್ನು ದಾಟಿದವು. ಸಕ್ಕರೆ ಹೆಚ್ಚಿರುವ ಕಡೆ ಇನ್ಸುಲಿನ್ ಬಿಟ್ಟುಕೊಟ್ಟವು. ಎರಡು ಗಂಟೆಯೊಳಗೆ ಇಲಿಗಳ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಇಳಿಯಿತು. ಆ ರಾತ್ರಿ ನಾನು ಪೇಪರನ್ನು ಎರಡು ಸಲ ಓದಿದೆ, ಎರಡನೆಯ ಸಲ ರಸಾಯನಶಾಸ್ತ್ರದವಳಾಗಿ ಅಲ್ಲ.

ಇದಕ್ಕೂ ಮೊದಲೇ ಬೇರೆ ಮದ್ದುಗಳನ್ನು ತುಂಬಿ ನೋಡಿದ್ದರು. 2015ರಲ್ಲಿ ಒಂದು ಪಾಲಿಇಮೈಡ್ ಕಾಫಿನೊಳಗೆ ಐಬುಪ್ರೊಫೆನ್ ತುಂಬಿದರು. ತೂಕದ ನೂರಕ್ಕೆ 24 ಭಾಗ ಮದ್ದೇ ಹಿಡಿಸಿತು, ದಿನಗಟ್ಟಲೆ ನಿಧಾನಕ್ಕೆ ಹೊರಬಂತು. 2017ರಲ್ಲಿ ಬ್ಯಾನರ್ಜಿಯವರ ಗುಂಪು ಕಾಫ್ ಹಾಳೆಗಳಿಗೆ ಫೋಲಿಕ್ ಆಮ್ಲ ಅಂಟಿಸಿ 5-ಫ್ಲೋರೊಯುರಾಸಿಲ್ ಎಂಬ ಕ್ಯಾನ್ಸರ್ ಮದ್ದನ್ನು ಹೊರಿಸಿತು. ಹಲವು ಕ್ಯಾನ್ಸರ್ ಕೋಶಗಳು ಫೋಲಿಕ್ ಆಮ್ಲವನ್ನು ಬಾಚಿಕೊಳ್ಳುವ ಕೈಗಳನ್ನು ಹೆಚ್ಚಾಗಿ ಬೆಳೆಸಿಕೊಂಡಿರುತ್ತವೆ; ಆ ದುರಾಸೆಯನ್ನೇ ಗಾಳ ಮಾಡಿಕೊಂಡರು. ಪ್ರಯೋಗ ನಡೆದಿದ್ದು ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ. ಮಾಫಿಗಿಂತ ಕಾಫ್ ಮೈಗೆ ಒಳ್ಳೆಯದು, ಲೋಹ ಇಲ್ಲವಲ್ಲ, ಅಂತ ಪ್ರತಿ ಪೇಪರಿನ ಮೊದಲ ಪುಟದಲ್ಲೂ ಇರುತ್ತದೆ.

ನನಗೆ ಆ ಸಾಲು ಓದಿದಾಗಲೆಲ್ಲ ತಲೆಬಣ್ಣದ ಪೊಟ್ಟಣ ನೆನಪಾಗುತ್ತದೆ. ಲೋಹ ಇಲ್ಲ, ಸರಿ. ಮದ್ದು ಇಳಿಸಿದ ಮೇಲೆ ಖಾಲಿ ಗಾಡಿ ಎಲ್ಲಿಗೆ ಹೋಗುತ್ತದೆ? ಬಿಚ್ಚಿಕೊಳ್ಳುವ ಬಂಧದ ಕಾಫ್ ಆದರೆ ಮೈಯೊಳಗೆ ಬಿಚ್ಚಿಕೊಂಡು ಮತ್ತೆ ಆಲ್ಡಿಹೈಡು, ಅಮೀನುಗಳಾಗುತ್ತದೆ. ಆ ಅಮೀನು ಪಿಪಿಡಿಯೂ ಆಗಿರಬಹುದು. ಕಾಫ್ ಮಾಡಲು ಬೆಂಜಿಡಿನ್ ಬಳಸುವವರೂ ಇದ್ದಾರೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಬಹಳ ಹಿಂದೆಯೇ ರುಜುವಾತಾಗಿರುವ ವಸ್ತು. ಬೇಡ, ಚಿಲಕ ಬಿದ್ದ ಗಟ್ಟಿ ಕಾಫ್ ಬಳಸೋಣ ಅಂದರೆ, ಕುದಿಯುವ ನೀರಿಗೂ ಆಮ್ಲಕ್ಕೂ ಜಗ್ಗದ್ದನ್ನು ಪಿತ್ತಜನಕಾಂಗ ಏನು ಮಾಡೀತು? ಅಲ್ಲೇ ಕೂತಿರುತ್ತದೆ. 2005ರಲ್ಲಿ ಹರಳು ಕಟ್ಟುವಾಗ ಎದುರಾದದ್ದೂ ಇದೇ: ಬಂಧ ಎಷ್ಟು ಗಟ್ಟಿ ಇರಬೇಕು, ಎಷ್ಟು ಸಡಿಲ ಇರಬೇಕು. ಆಗ ಜಾಗ ನಳಿಗೆ, ಈಗ ಕರುಳು. ಇದಕ್ಕೆ ಉತ್ತರ ಹುಡುಕಲು ಇಲಿಗಳು ಸಾಲವು, ವರ್ಷಗಳು ಬೇಕು. ಕಾಫಿನಲ್ಲಿ ತುಂಬಿದ ಯಾವ ಮದ್ದೂ ಇನ್ನೂ ಔಷಧಿ ಅಂಗಡಿಗೆ ಬಂದಿಲ್ಲ. ಬಂದಿಲ್ಲ ಅನ್ನುವುದರಲ್ಲಿ ನನಗೆ ನಿರಾಸೆಗಿಂತ ಸಮಾಧಾನವೇ ಹೆಚ್ಚು. ಅವಸರದಲ್ಲಿ ಕೂತ ಅಣುಗಳು ಏನಾಗುತ್ತವೆ ಎಂಬುದಕ್ಕೆ ನನ್ನ ಹತ್ತಿರ ಒಂದು ಕುಪ್ಪಿ ಸಾಕ್ಷಿ ಇದೆ.

ನೊಬೆಲ್ ಪ್ರಕಟವಾದ ಅಕ್ಟೋಬರಿನ ಆ ಬುಧವಾರ ರಾತ್ರಿ ಊಟಕ್ಕೆ ಮುಂಚೆ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಇಲಿ, ಇನ್ಸುಲಿನ್ ಗುಳಿಗೆ, ಸೂಜಿಯಿಲ್ಲದ ಕಾಲ. ಅವಳು ಸಿರಿಂಜಿನಲ್ಲಿ ಗುಳ್ಳೆ ಇದೆಯೇ ಎಂದು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಲೇ ಕೇಳಿಸಿಕೊಂಡಳು. ನಾನು ಪೂರ್ತಿ ಪ್ರಾಮಾಣಿಕಳಾಗಬೇಕೆಂದು ಪಿಪಿಡಿಯ ವಿಷಯವನ್ನೂ ಹೇಳಿದೆ. ಆ ಇಲಿಗಳಿಗೆ ಕೊಟ್ಟಿದ್ದು ಬೇರೆ ಅಮೀನಿನ ಕಾಫ್, ಆದರೂ ನೋಡು, ನನ್ನ ಕೆಂಪು ಪುಡಿಯಲ್ಲಿರೋದು ನೀನು ತಿಂಗಳಿಗೊಮ್ಮೆ ತಲೆಗೆ ಹಚ್ಚಿಕೊಳ್ಳೋದೇ, ಅಂತ.

ಅಮ್ಮ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಸೂಜಿ ತಾಗಿಸುವ ಮೊದಲು ಒಂದು ಕ್ಷಣ ನಿಲ್ಲಿಸಿದಳು.

"ಹಂಗಾದ್ರೆ ಆ ಗುಳಿಗೆ ಬಂದ್ರೆ ಕೂದ್ಲೂ ಒಳಗಿಂದ್ಲೇ ಕಪ್ಪಾಗುತ್ತೇನೇ?"